ಬಾಗಿಲ ಪಕ್ಕದ ಮಂಚ

ಗೊಂಬೆಗೆ ಮಂಚ ಸಿಕ್ಕಿತು. ನನ್ನ ಗಂಡನಿಗೆ ಸಿಗಲಿಲ್ಲ.

ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗುವವರು ನಗಲಿ. ನಾನು ಹೇಳುವುದನ್ನು ಬಿಡುವುದಿಲ್ಲ.

ನನ್ನ ಹೆಸರು ಹೊನ್ನವ್ವ. ಊರು ಯಾದಗಿರಿ ಕಡೆ. ಈಗ ಇರುವುದು ಹೆಗ್ಗನಹಳ್ಳಿಯ ಒಂದು ಶೀಟಿನ ಮನೆಯಲ್ಲಿ. ಗಂಡ ರೇವಣಸಿದ್ದ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ತಮ್ಮ ಅಮರೇಶ ಬೈಕಿನ ಮೇಲೆ ಮನೆಮನೆಗೆ ಊಟ ಮುಟ್ಟಿಸುತ್ತಾನೆ. ನನ್ನ ಕೆಲಸ ಕೆಂಗೇರಿ ದಾಟಿದ ಮೇಲೆ ಸಿಗುವ ಕಲ್ಲು ಕಟ್ಟಡದ ಮಿಷನ್ ಆಸ್ಪತ್ರೆಯಲ್ಲಿ. ಬಾಯಲ್ಲಿ ಆಯಾ ಅನ್ನುತ್ತಾರೆ, ಐಡಿ ಕಾರ್ಡಿನಲ್ಲಿ ಹೌಸ್‌ಕೀಪಿಂಗ್ ಅಂತ ಇದೆಯಂತೆ. ಯಾವ ಹೆಸರಿಟ್ಟರೂ ಬಳಿಯುವುದು ಅದೇ ಹೇಲು, ಒರೆಸುವುದು ಅದೇ ರಕ್ತ.

ಆ ಆಸ್ಪತ್ರೆಯ ಕೆಳಗಿನ ಉದ್ದನೆಯ ಹಾಲ್ ಬಡವರ ವಾರ್ಡ್. ಕಟ್ಟಡದ ಸೆಂಟ್ರಿಂಗ್ ಹಲಗೆ ಮೇಲಿಂದ ಬಿದ್ದವರು, ಗಾರ್ಮೆಂಟ್ಸಿನಲ್ಲಿ ತಲೆ ಸುತ್ತಿ ಕುಸಿದ ಹುಡುಗಿಯರು, ಬಸ್ ಸ್ಟ್ಯಾಂಡಿನಲ್ಲಿ ಹೆಸರು ಕೂಡ ಹೇಳಲಾಗದೆ ಬಿದ್ದಿದ್ದ ಮುದುಕರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಅವರ ಮಗ್ಗುಲು ಬದಲಿಸಿ, ಬೆನ್ನಿನ ಹುಣ್ಣು ಒರೆಸಿ, ಕುಂಡೆ ತೊಳೆದು ನನ್ನ ಸೊಂಟ ಬಿದ್ದುಹೋಗಿದೆ. ಬೈದುಕೊಂಡೇ ಮಾಡುತ್ತಿದ್ದೆ. ಆದರೆ ಆ ವಾರ್ಡು ನನಗೆ ಬೇಕಾಗಿತ್ತು. ನಮ್ಮಂಥವರು ಮಲಗಿಕೊಂಡು ಸಾಯಬಹುದಾದ ಜಾಗ ಈ ಊರಲ್ಲಿ ಬೇರೆ ಎಲ್ಲಿದೆ?

ಅಲ್ಲಿ ಸಿಸ್ಟರ್ ಜೆಸಿಂತಾ ಇದ್ದರು. ಹಣ್ಣಾದ ಜೀವ. ಬೆಡ್‌ಶೀಟಿನ ಒಂದು ತುದಿ ಅವರು ಹಿಡಿದರೆ ಇನ್ನೊಂದು ತುದಿ ನಾನು. ಮಡಚುತ್ತ ಮಡಚುತ್ತ ಆ ಕಥೆ ಹೇಳುತ್ತಿದ್ದರು.

ಎಂಟುನೂರು ವರ್ಷದ ಹಿಂದಿನ ಮಾತಂತೆ. ಸಮುದ್ರದಾಚೆ ಒಂದು ಊರು. ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಊರ ಕೋಟೆ ಬಾಗಿಲ ಹತ್ತಿರ ಚರ್ಚಿನವರು ಬಡವರಿಗೆ ಅಂತ ಆಸ್ಪತ್ರೆ ಕಟ್ಟಿದರು. ಒಂದೇ ಉದ್ದನೆಯ ಹಾಲ್, ಎರಡು ಸಾಲು ಮಂಚ. ಕೊನೆಯಲ್ಲಿ ಪೂಜೆಯ ಪೀಠ, ಎದ್ದು ಕೂರಲಾಗದವನಿಗೂ ಮಲಗಿದಲ್ಲಿಂದಲೇ ಕಾಣಬೇಕು ಅಂತ. ಚಳಿಗಾಲದಲ್ಲಿ ಒಂದು ಮಂಚಕ್ಕೆ ಇಬ್ಬರು. ಔಷಧಿ ಹೆಚ್ಚೇನೂ ಇರಲಿಲ್ಲ. ಬಿಸಿ ಗಂಜಿ, ಬೆಚ್ಚನೆ ಹೊದಿಕೆ, ಪ್ರಾರ್ಥನೆ. ಆದರೆ ಬಂದವನನ್ನು ಬಾಗಿಲಲ್ಲೇ ಕೂರಿಸಿ ಕಾಲು ತೊಳೆಯುತ್ತಿದ್ದರು. ತೊಳೆಯುವವರು ಆಳುಗಳಲ್ಲ, ಆ ಮನೆಯ ಹಿರಿಯರೇ. ಬಾಗಿಲ ಪಕ್ಕದ ಮೊದಲ ಮಂಚವನ್ನು ಖಾಲಿ ಇಡುತ್ತಿದ್ದರು. ಯಾರೂ ಇಲ್ಲದವನು ಯಾವ ಹೊತ್ತಿನಲ್ಲಿ ಬಂದರೂ ಅದು ಅವನದು. ಅದನ್ನು ಕಟ್ಟಿದ ಚರ್ಚಿನ ಮಠದವರೇ ಮುಂದೆ ಇಲ್ಲಿಗೆ ಬಂದು, ಪ್ಲೇಗಿನ ಕಾಲದಲ್ಲಿ ಈ ಆಸ್ಪತ್ರೆ ಶುರು ಮಾಡಿದರಂತೆ.

"ನೆನಪಿಟ್ಟುಕೋ ಹೊನ್ನವ್ವ," ಅನ್ನುತ್ತಿದ್ದರು ಸಿಸ್ಟರ್. "ಬಂದ ಬಡವನೇ ಈ ಮನೆಯ ಯಜಮಾನ. ನಾನೂ ಆಳು, ನೀನೂ ಆಳು."

ಸಿಸ್ಟರ್ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಇಲ್ಲೂ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಅದು ವರ್ಷಕ್ಕೊಮ್ಮೆ ಆಗಿತ್ತು. ಶುಭ ಶುಕ್ರವಾರದ ಹಿಂದಿನ ದಿನ ಹನ್ನೆರಡು ಬಡವರನ್ನು ಕುರ್ಚಿ ಮೇಲೆ ಕೂರಿಸುತ್ತಾರೆ. ಬಿಷಪ್ಪರು ಸೊಂಟಕ್ಕೆ ಬಿಳಿ ಟವೆಲ್ ಕಟ್ಟಿಕೊಂಡು ಬಗ್ಗಿ ಕಾಲು ತೊಳೆಯುತ್ತಾರೆ. ನೋಡಿದವರ ಕಣ್ಣಲ್ಲಿ ನೀರು ಬರುತ್ತದೆ.

ಅದಕ್ಕೂ ಮುಂಚೆ ನಾನು ತೊಳೆದಿರುತ್ತೇನೆ. ಅದು ಯಾರಿಗೂ ಕಾಣುವುದಿಲ್ಲ. ವಾರ್ಡಿನ ಹಿಂದೆ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಆ ಹನ್ನೆರಡು ಜನರನ್ನೂ ಸಾಲಾಗಿ ಕೂರಿಸಿ, ಸೋಪು ಹಚ್ಚಿ, ಬ್ರಷ್ಷಿನಿಂದ ತಿಕ್ಕಿ, ಉಗುರಿನ ಸಂದಿಯ ಕೊಳೆ ಕೆದರಿ ತೆಗೆಯಬೇಕು. ಬಿಷಪ್ಪರ ಕೈಗೆ ಕೊಳೆ ತಾಗಬಾರದು. ನಾನು ತೊಳೆದ ಕಾಲನ್ನು ಅವರು ಮತ್ತೆ ತೊಳೆಯುತ್ತಾರೆ. ಫೋಟೋ ಅವರದು.

ಈ ವರ್ಷ ಆಸ್ಪತ್ರೆಗೆ ನೂರಿಪ್ಪತ್ತೈದು ವರ್ಷ ತುಂಬಿತು ಅಂತ ದೊಡ್ಡ ಹಬ್ಬ. ಹೊಸ ಆಡಳಿತಾಧಿಕಾರಿ ಪದ್ಮನಾಭ ಸಾರ್ ಬಡವರ ವಾರ್ಡನ್ನು ಮುಚ್ಚಿಸಿದರು. ಇದ್ದವರನ್ನು ಎಲ್ಲೆಲ್ಲಿಗೋ ಸಾಗಹಾಕಿದರು. ಒಬ್ಬ ಮುದುಕ ಮಂಚದ ಸರಳು ಬಿಡಲಿಲ್ಲ. ಬೆರಳು ಬಿಡಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ಆ ಹಾಲಿನಲ್ಲಿ ಇನ್ನು ಮೇಲೆ ಮ್ಯೂಸಿಯಂ. ಎಂಟುನೂರು ವರ್ಷದ ಹಿಂದಿನ ಆಸ್ಪತ್ರೆ ಹೇಗಿತ್ತೋ ಹಾಗೇ ಮಾಡಿ ಇಡುತ್ತಾರೆ. ಅದನ್ನು ಮಾಡಲು ಬಸವೇಶ್ವರನಗರದಿಂದ ದೀಪ್ತಿ ಅಂತ ಒಬ್ಬ ಹುಡುಗಿ ಬಂದಳು. ಕೆಟ್ಟವಳಲ್ಲ. ನನಗೂ ಕಾಫಿ ತರಿಸಿ ಕೊಡುತ್ತಿದ್ದಳು. ಬಾಗಿಲ ಪಕ್ಕದ ಮಂಚವನ್ನು ಹಾಗೇ ಉಳಿಸಿ, ಅದರ ಮೇಲೆ ಬಡ ರೋಗಿಯ ಗೊಂಬೆ ಮಲಗಿಸಿದಳು. ಹೊಚ್ಚ ಹೊಸ ಬೆಡ್‌ಶೀಟುಗಳು ಹಳೇವಾಗಿ ಕಾಣಬೇಕಂತೆ. ಟೀ ಪುಡಿ ಕುದಿಸಿದ ನೀರಿನಲ್ಲಿ ನಾನು ಅವನ್ನು ಅದ್ದಿ ಅದ್ದಿ ಒಣಗಿಸಿದೆ. ನನ್ನ ಕೈಯೂ ಕಂದುಬಣ್ಣಕ್ಕೆ ತಿರುಗಿತು.

ಗೊಂಬೆಯ ಕಾಲು ಅವಳಿಗೆ ಒಪ್ಪಿಗೆಯಾಗಲಿಲ್ಲ. ಒಂದು ದಿನ ನಾನು ನೆಲ ಒರೆಸುವಾಗ ಕೂಗಿದಳು.

"ಆಂಟಿ, ಒಂದ್ನಿಮಿಷ ಬನ್ನಿ. ಚಪ್ಪಲಿ ಬಿಡಿ. ವಾವ್! ಈ ಕ್ರ್ಯಾಕ್ಸ್ ನೋಡ್ರೋ, ಎಕ್ಸಾಕ್ಟ್ ಆಗಿ ಹಿಂಗೇ ಬೇಕಿತ್ತು!"

ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು. ಬಣ್ಣ ಬಳಿಯುವ ಹುಡುಗ ನನ್ನ ಹಿಮ್ಮಡಿಯ ಬಿರುಕುಗಳನ್ನು ನೋಡಿ ನೋಡಿ ಗೊಂಬೆಯ ಕಾಲಿಗೆ ಬರೆದ. ಹೋಗುವವರು ಬರುವವರೆಲ್ಲ ನಿಂತು ನೋಡಿದರು. ನನಗೆ ಸೀರೆ ಬಿಚ್ಚಿ ನಿಂತ ಹಾಗಾಯಿತು. ಆದರೂ ಅವನು ಮುಗಿಸುವ ತನಕ ನಿಂತೇ ಇದ್ದೆ.

ಮಂಚದ ತಲೆಯ ಹತ್ತಿರ ಒಂದು ಸಣ್ಣ ಸ್ಪೀಕರು ಇಟ್ಟರು. ಯಾರಾದರೂ ಹತ್ತಿರ ಹೋದರೆ ಅದು ತಾನಾಗಿಯೇ ಮಾತಾಡುತ್ತದೆ. 'ಈ ಮಂಚ ಸದಾ ಖಾಲಿ. ಯಾರೂ ಇಲ್ಲದವನಿಗೆ ಇದು ಮೀಸಲು. ಬಂದ ಬಡವನೇ ಈ ಮನೆಯ ಯಜಮಾನ.' ಕಸ ಗುಡಿಸಲು ಹೋದಾಗೆಲ್ಲ ನನಗೂ ಹೇಳುತ್ತಿತ್ತು. ಕೇಳಿ ಕೇಳಿ ನಾನು ನಂಬಿದೆ. ಓದಿದವರು ಯಾರೂ ಇಂಥ ತಪ್ಪು ಮಾಡುವುದಿಲ್ಲ.

ಅದೇ ಸಮಯಕ್ಕೆ ರೇವಣಸಿದ್ದನ ಕಾಲಿಗೆ ಮೊಳೆ ಚುಚ್ಚಿತು. ಅನ್ನಪೂರ್ಣೇಶ್ವರಿ ನಗರದಲ್ಲಿ ಯಾರದೋ ಮೂರಂತಸ್ತಿನ ಮನೆಯ ಸೆಂಟ್ರಿಂಗ್ ಬಿಚ್ಚುತ್ತಿದ್ದ. ಹಲಗೆಯ ಮೊಳೆ ಅಂಗಾಲಿಗೆ ನೆಟ್ಟಿತು. ಶುಗರ್ ಇದ್ದ ಮೈ, ನೋವೇ ಗೊತ್ತಾಗಲಿಲ್ಲ. ಅರಿಸಿನ ಒತ್ತಿ ಮತ್ತೆ ಕೆಲಸಕ್ಕೆ ಹೋದ. ಕಾಲು ಊದಿತು. ಬೆರಳು ಕಪ್ಪಾಯಿತು. ಕೋಣೆಯೊಳಗೆ ಕೂರಲಾಗದ ವಾಸನೆ ಬಂತು. ಆ ವಾಸನೆ ನನಗೆ ಗೊತ್ತು. ವಾರ್ಡಿನಲ್ಲಿ ಆ ವಾಸನೆ ಬಂದವರು ಯಾರೂ ನಡೆದುಕೊಂಡು ಮನೆಗೆ ಹೋಗಿಲ್ಲ.

ಆಟೋದಲ್ಲಿ ಹಾಕಿಕೊಂಡು ನಮ್ಮ ಆಸ್ಪತ್ರೆಗೇ ತಂದೆ. ಡಾಕ್ಟರು ಬ್ಯಾಂಡೇಜು ಬಿಚ್ಚಿ ಮುಖ ಕಿವುಚಿದರು.

"ಇವತ್ತೇ ಅಡ್ಮಿಟ್ ಆಗ್ಬೇಕು. ವಿಷ ಮೇಲಕ್ಕೆ ಏರ್ತಾ ಇದೆ. ತಡ ಮಾಡಿದ್ರೆ ಕಾಲು ಹೋಗುತ್ತೆ. ಇನ್ನೂ ತಡ ಮಾಡಿದ್ರೆ ಇವರೇ ಉಳಿಯಲ್ಲ."

ಪದ್ಮನಾಭ ಸಾರ್ ಹತ್ತಿರ ಓಡಿದೆ.

"ಫ್ರೀ ವಾರ್ಡ್ ಕ್ಲೋಸ್ ಆಗಿದೆ ಅಂತ ಗೊತ್ತಿಲ್ವಾ? ನೀನೇ ಕ್ಲೀನ್ ಮಾಡಿದ್ದೀಯಲ್ಲ."

"ಮ್ಯಾಲ ರೂಮು ಖಾಲಿ ಅದಾವಲ್ರಿ ಸಾರ್."

"ಅವು ದುಡ್ಡು ಕಟ್ಟೋರಿಗೆ."

"ಹಂಗಾದ್ರ ಬಾಗಿಲ ಬಾಜೂ ಮಂಚ ಕೊಡ್ರಿ. ಯಾರೂ ಇಲ್ಲದವ್ರಿಗೆ ಅಂತ ಆ ಪೆಟ್ಟಿಗಿ ದಿನಾ ಹೇಳ್ತದಲ್ರಿ. ನಮಗೂ ಯಾರೂ ಇಲ್ರಿ ಸಾರ್."

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಪಕ್ಕದ ಟೇಬಲ್ಲಿನವರಿಗೂ ಹೇಳಿ ನಕ್ಕರು.

"ಅಯ್ಯೋ, ಅದು ಇತಿಹಾಸ ಕಣಮ್ಮ! ಮೊದ್ಲು ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು."

ಹೋದೆವು. ಆ ಸರ್ಕಾರಿ ಆಸ್ಪತ್ರೆಯ ಕಾರಿಡಾರಿನ ನೆಲದ ಮೇಲೆ ಸಂಜೆ ತನಕ ಕೂತೆವು. ನಮ್ಮ ಮುಂದೆಯೂ ಜನ, ಹಿಂದೆಯೂ ಜನ. ರೇವಣಸಿದ್ದ ನನ್ನ ತೊಡೆಯ ಮೇಲೆ ತಲೆ ಇಟ್ಟು ಕೇಳುತ್ತಲೇ ಇದ್ದ, "ನನ್ನ ಪಾಳಿ ಬಂತೇನು ಹೊನ್ನಿ?" ಬರಲಿಲ್ಲ. ಬೆಡ್ ಇಲ್ಲ, ನಾಳೆ ನೋಡೋಣ ಅಂದರು.

ಸಿಸ್ಟರ್ ಜೆಸಿಂತಾಗೆ ಫೋನ್ ಮಾಡಿ ಅತ್ತೆ. "ನಾಳೆ ಹಬ್ಬ. ಬಿಷಪ್ಪರು ಬರುತ್ತಾರೆ. ನಾನೇ ಕೇಳುತ್ತೇನೆ. ಅವನನ್ನು ಕರೆದುಕೊಂಡು ಬಾ," ಅಂದರು. ಆ ಮಾತಿನ ಮೇಲೆ ಜೀವ ಹಿಡಿದುಕೊಂಡು ಬೆಳಿಗ್ಗೆ ಅವನನ್ನು ತಂದು ಮಾಪು ಬಕೆಟ್ಟು ಇಡುವ ಕೋಣೆಯಲ್ಲಿ ರಟ್ಟು ಹಾಸಿ ಮಲಗಿಸಿದೆ. ಅಮರೇಶ ಕೆಲಸ ಬಿಟ್ಟು ಪಕ್ಕದಲ್ಲಿ ಕೂತ. ಸಿಸ್ಟರನ್ನು ಹುಡುಕಿದರೆ, ಅವರನ್ನು ಆಗಲೇ ವೇದಿಕೆಯ ಮೇಲೆ ಶಾಲು ಹೊದಿಸಿ ಕೂರಿಸಿಬಿಟ್ಟಿದ್ದರು. ಹಿರಿಯ ಸಿಸ್ಟರಿಗೆ ಸನ್ಮಾನವಂತೆ. ಅವರು ಏಳಲು ನೋಡಿದಾಗೆಲ್ಲ ಯಾರಾದರೂ ಭುಜ ಹಿಡಿದು ಕೂರಿಸುತ್ತಿದ್ದರು.

ಕಾಲು ತೊಳೆಯುವ ಶಾಸ್ತ್ರವನ್ನೂ ಅವತ್ತೇ ಇಟ್ಟುಕೊಂಡಿದ್ದರು. ಕಟ್ಟೆಯ ಹತ್ತಿರ ಹನ್ನೆರಡು ಬಡವರು ಕೂತಿದ್ದರು. ಬಡವರೂ ಆರಿಸಿ ತಂದವರೇ. ಒಬ್ಬ ಪದ್ಮನಾಭ ಸಾರ್ ಡ್ರೈವರಿನ ಅಪ್ಪ. ಇನ್ನೊಬ್ಬಳು ಕ್ಯಾಂಟೀನಿನ ಬಸವ್ವ. ಒಬ್ಬರಿಗೂ ಕಾಯಿಲೆ ಇಲ್ಲ, ಒಬ್ಬರ ಕಾಲಲ್ಲೂ ಗಾಯ ಇಲ್ಲ.

ನಾನು ಕುಕ್ಕರುಗಾಲಲ್ಲಿ ಕೂತು ತೊಳೆಯಲು ಶುರು ಮಾಡಿದೆ. ಮೊದಲನೆಯವರದು ಆಯಿತು. ಬಸವ್ವನ ಕಾಲು ಹಿಡಿದಿದ್ದೆ. ಅಮರೇಶ ಓಡಿ ಬಂದ.

"ಅಕ್ಕಾ, ಮಾಮಾ ಏನೇನೋ ಮಾತಾಡ್ಲಾಕತ್ಯಾನ. ಮೈ ಕಾದ ಹಂಚಾಗ್ಯಾದ. ಕಣ್ಣು ಮ್ಯಾಲ ಹೋಗ್ಯಾವ."

ನನ್ನ ಕೈಯಲ್ಲಿ ಬ್ರಷ್ಷು. ಬ್ರಷ್ಷಿನ ತುಂಬ ನೊರೆ. ಬಸವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. "ಹೋಗೇ ತಾಯಿ, ಹೋಗು," ಅಂದಳು.

ಅಷ್ಟರಲ್ಲಿ ಪದ್ಮನಾಭ ಸಾರ್ ಬಂದರು. ಹೊಸ ಬೂಟು, ಎದೆಯ ಮೇಲೆ ಬ್ಯಾಡ್ಜು.

"ಏನಿನ್ನೂ ಇಬ್ರದ್ದೂ ಆಗಿಲ್ಲ? ಬಿಷಪ್ ಗೇಟ್ ಹತ್ರ ಬಂದಾಯ್ತು. ಬೇಗ ತೊಳಿ!"

"ತೊಳೆಯೂದಿಲ್ರಿ."

"ಏನಂದೆ?"

"ತೊಳೆಯೂದಿಲ್ಲ ಅಂದೀನಿ. ಇವ್ರ ಕಾಲು ಸ್ವಚ್ಛ ಅದಾವ. ನನ್ನ ಗಂಡನ ಕಾಲು ಕೊಳೀಲಾಕತ್ತದ."

ಬೇಸಿನ್ನನ್ನು ಒದ್ದೆ. ಕೊಳೆನೀರು ಅವರ ಬೂಟಿನ ಮೇಲೆ ಹರಿಯಿತು. ಇಷ್ಟು ವರ್ಷದಲ್ಲಿ ನಾನು ಎದುರು ಮಾತಾಡಿದ್ದು ಅದೇ ಮೊದಲು. ಹಿಂದೆ ತಿರುಗಿ ನೋಡಲಿಲ್ಲ. ಅವರಿಗೂ ನನ್ನ ಹಿಂದೆ ಬರಲು ಪುರಸೊತ್ತಿರಲಿಲ್ಲ, ಬಿಷಪ್ಪರನ್ನು ಎದುರುಗೊಳ್ಳಲು ಗೇಟಿನ ಕಡೆ ಓಡಿದರು.

ಅಮರೇಶ ತೋಳು ಹಿಡಿದ, ನಾನು ಕಾಲು ಹಿಡಿದೆ. ಉದ್ಘಾಟನೆಗೆ ರಿಬ್ಬನ್ನು ಕಟ್ಟಿದ್ದ ಮ್ಯೂಸಿಯಂ ಬಾಗಿಲಲ್ಲಿ ಸೆಕ್ಯುರಿಟಿ ತಮ್ಮಣ್ಣ ನಿಂತಿದ್ದ.

"ಏನವ್ವಾ ಇದು? ಇಬ್ರ ಕೆಲ್ಸಾನೂ ಹೋಯ್ತದೆ ಕಣವ್ವ."

ಆಮೇಲೆ ಅವನು ಆ ಕಾಲು ನೋಡಿದ. ರಿಬ್ಬನ್ನು ಎತ್ತಿ ಹಿಡಿದ. ಮುಖವನ್ನು ರಸ್ತೆ ಕಡೆ ತಿರುಗಿಸಿಕೊಂಡ. "ನಾನೇನೂ ನೋಡ್ಲಿಲ್ಲ. ಬೇಗ ಹೋಗಿ."

ಗೊಂಬೆಯನ್ನು ಎತ್ತಿದೆ. ತೂಕವೇ ಇರಲಿಲ್ಲ, ಒಳಗೆಲ್ಲ ಥರ್ಮಾಕೋಲು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಮಾಪಿನ ಕೋಣೆಯ ರಟ್ಟಿನ ಮೇಲೆ ಎಸೆದು ಬಂದೆ. ರೇವಣಸಿದ್ದನನ್ನು ಮಂಚದ ಮೇಲೆ ಮಲಗಿಸಿ ಬ್ಯಾಂಡೇಜು ಬಿಚ್ಚಿದೆವು. ಟೀ ಬಣ್ಣದ ಬೆಡ್‌ಶೀಟಿನ ಮೇಲೆ ಅವನ ಕಪ್ಪು ಕಾಲು. ಸ್ಪೀಕರು ಅವನಿಗೆ ಹೇಳಿತು, 'ಬಂದ ಬಡವನೇ ಈ ಮನೆಯ ಯಜಮಾನ.'

ರಿಬ್ಬನ್ನು ಕತ್ತರಿಸಿದ ಸದ್ದು, ಚಪ್ಪಾಳೆ. ಬಿಷಪ್ಪರು, ಅವರ ಬೆನ್ನಿಗೆ ದಾನ ಕೊಟ್ಟವರು, ದಾನ ಕೊಟ್ಟವರ ಹೆಂಡಂದಿರು, ಕ್ಯಾಮೆರಾ. ರೇಷ್ಮೆ ಸೀರೆಯ ಒಬ್ಬರು ಮಂಚದ ಹತ್ತಿರ ಬಂದು ಬಾಗಿದರು.

"ಅಬ್ಬಾ, ಕಾಲು ನೋಡಿ! ಎಷ್ಟು ನ್ಯಾಚುರಲ್ ಆಗಿ ಮಾಡಿದಾರೆ!"

ಫೋನುಗಳು ಮೇಲೆದ್ದವು. ಫೋಟೋ ತೆಗೆದರು. ಒಬ್ಬ ಮಂಚದ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡ. ದೀಪ್ತಿಗೆ ಮಾತ್ರ ತನ್ನ ಗೊಂಬೆ ಯಾವುದು ಅಂತ ಗೊತ್ತಿತ್ತು. ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಎಲ್ಲರಿಗೂ ವಾಸನೆ ಬಂತು. ಅದೇ ಹೊತ್ತಿಗೆ ರೇವಣಸಿದ್ದ ಕಣ್ಣು ಬಿಟ್ಟ.

"ನನ್ನ ಪಾಳಿ ಬಂತೇನು?"

ರೇಷ್ಮೆ ಸೀರೆಯವರು ಚೀರಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಮುಂದೆ ಬಂದೆ.

"ಗೊಂಬಿ ಅಲ್ರಿ. ನನ್ನ ಗಂಡ. ಇದೇ ದವಾಖಾನ್ಯಾಗ ಹೇಲು ಬಳದೀನಿ ನಾ. ಒಂದು ಮಂಚ ಕೇಳಿದ್ರ ನಕ್ಕರು. ಕೊಡ್ತೀರೋ ಇಲ್ಲೋ ಈಗ ಹೇಳ್ರಿ."

ಸಿಸ್ಟರ್ ಜೆಸಿಂತಾ ಯಾರ ಕೈಯನ್ನೋ ಕೊಡವಿಕೊಂಡು, ಕೋಲೂರಿಕೊಂಡು ಬಂದಿದ್ದರು. "ಸ್ವಾಮಿ, ಈ ಮಂಚ ಅವನದೇ," ಅಂದರು.

ಬಿಷಪ್ಪರು ಸುತ್ತ ನೋಡಿದರು. ಎಲ್ಲ ಫೋನುಗಳೂ ಅವರ ಕಡೆಗೇ ಇದ್ದವು. ಬೇಸಿನ್ನು ತರಿಸಿದರು, ಟವೆಲ್ ಕಟ್ಟಿಕೊಂಡರು, ಬಗ್ಗಿದರು. ನೀರು ಹಾಕಿ ತೊಳೆದರು. ನೆಟ್ಟಗಿದ್ದ ಕಾಲನ್ನು. ಕೊಳೆತ ಕಾಲಿನ ಹತ್ತಿರ ಕೈ ಹೋಯಿತು, ನಿಂತಿತು, ವಾಪಸ್ ಬಂತು.

"ಇವರನ್ನು ಕೂಡಲೇ ಅಡ್ಮಿಟ್ ಮಾಡಿಕೊಳ್ಳಿ," ಅಂದರು.

ಜೋರಾಗಿ ಚಪ್ಪಾಳೆ ಬಿತ್ತು. ಕೆಲವರು ಕಣ್ಣು ಒರೆಸಿಕೊಂಡರು. ಬಡ್ಡೀಮಗಳು ನಾನು, ನಾನೂ ಕೈ ಮುಗಿದೆ.

ಅವರೆಲ್ಲ ಕಾರ್ಯಕ್ರಮಕ್ಕೆ ನಡೆದರು. ಸಿಸ್ಟರನ್ನೂ ಕೈಹಿಡಿದು ಕರೆದೊಯ್ದರು. ಪದ್ಮನಾಭ ಸಾರ್ ಸ್ಟ್ರೆಚರ್ ತರಿಸಿದರು. "ಬಾಮ್ಮ, ಎಲ್ಲ ವ್ಯವಸ್ಥೆ ಆಗಿದೆ," ಅಂದರು, ಬಹಳ ಮೆತ್ತಗೆ. ಸ್ಟ್ರೆಚರ್ ಲಿಫ್ಟಿನ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಅಡುಗೆಮನೆ ದಾಟಿ, ಕಸದ ತೊಟ್ಟಿ ದಾಟಿ ಹಿಂದಿನ ಗೇಟಿಗೆ ಹೋಯಿತು. ಅಲ್ಲಿ ಆಂಬುಲೆನ್ಸ್ ನಿಂತಿತ್ತು.

"ಇದೆಲ್ಲಿಗ್ರಿ? ಅಡ್ಮಿಟ್ ಮಾಡ್ರಿ ಅಂದಾರ ಅವ್ರು!"

"ಇಲ್ಲೇ ಅಂತ ಅಂದ್ರಾ? ದೊಡ್ಡಾಸ್ಪತ್ರೆಗೆ ಹೇಳಿದೀನಿ. ಅಲ್ಲಿ ಒಳ್ಳೆ ಟ್ರೀಟ್‌ಮೆಂಟ್ ಸಿಗುತ್ತೆ. ಹತ್ತು, ಹತ್ತು."

ನಾನೂ ಅಮರೇಶನೂ ಹತ್ತಿದ ಮೇಲೆ ಬಾಗಿಲು ಹಾಕಿದರು. ನಾಯಂಡಹಳ್ಳಿ ಹತ್ತಿರ ಗಾಡಿ ನಿಂತುಬಿಟ್ಟಿತು. ಮುಂದೆ ಲಾರಿ, ಹಿಂದೆ ಬಸ್ಸು, ಮೇಲೆ ಮೆಟ್ರೋ ಹೋಗುತ್ತಿತ್ತು. ಸೈರನ್ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಸರಿಯಲಿಲ್ಲ. ರೇವಣಸಿದ್ದನ ತುಟಿ ಒಣಗಿತ್ತು. ನಾನು ಸೆರಗು ಒದ್ದೆ ಮಾಡಿ ಒರೆಸಿದೆ.

"ಪಾಳಿ ಬಂತೇನು ಹೊನ್ನಿ?"

"ಬಂತ್ರೀ," ಅಂದೆ. "ಒಳಗ ಕರೀಲಾಕತ್ಯಾರ."

ಅವನು ಏಳಲು ನೋಡಿದ. ಕತ್ತು ಎತ್ತಿದ. ಅಲ್ಲಿಗೆ ಮುಗಿಯಿತು.

ಡ್ರೈವರು ಸಂಪತ್ ಕನ್ನಡಿಯಲ್ಲಿ ನೋಡಿದ. ಸೈರನ್ ಆರಿಸಿದ. ಅಮರೇಶ ತಲೆ ಚಚ್ಚಿಕೊಂಡು ಅತ್ತ. ನನಗೆ ಅಳು ಬರಲಿಲ್ಲ.

"ಗಾಡಿ ತಿರುಗ್ಸಣ್ಣಾ."

"ಎಲ್ಲಿಗವ್ವಾ? ಊರಿಗಾ?"

"ಎಲ್ಲಿಂದ ತಂದೀಯೋ ಅಲ್ಲಿಗೆ."

ಅವನು ಇಂಡಿಕೇಟರ್ ಹಾಕಿ, ಲಾರಿ ಸರಿದು ಸಂದು ಸಿಗುವ ತನಕ ಕಾದ. ಆಮೇಲೆ ತಿರುಗಿಸಿದ.

ನಾವು ಹೋಗುವಾಗ ಗೊಂಬೆ ಮತ್ತೆ ಮಂಚದ ಮೇಲಿತ್ತು. ಬೇರೆ ಬೆಡ್‌ಶೀಟು ಹಾಸಿದ್ದರು. ಅದೂ ನಾನು ಅದ್ದಿ ಒಣಗಿಸಿದ್ದೇ. ನನ್ನ ಬಿರುಕು ಬಿಟ್ಟ ಕಾಲು ಎರಡೂ ಹೊರಗೆ ಚಾಚಿದ್ದವು. ಈ ಸಲ ಮೆತ್ತಗೆ ಎತ್ತಲಿಲ್ಲ. ಆ ಕಾಲು ಹಿಡಿದೇ ಎಳೆದು ಕೆಳಗೆ ಎಸೆದೆ. ತಮ್ಮಣ್ಣ ಟೋಪಿ ತೆಗೆದು, ಗಂಡನನ್ನು ಮಲಗಿಸಲು ತಾನೂ ಕೈ ಕೊಟ್ಟ. ಕಾರ್ಯಕ್ರಮದ ವೇದಿಕೆಯ ಕಡೆ ಹಾಡು ನಡೆದಿತ್ತು. ಆ ಹನ್ನೆರಡು ಜನರ ಕಾಲು ತೊಳೆದು ಮುಗಿದಿತ್ತು.

ಪದ್ಮನಾಭ ಸಾರ್ ಓಡಿ ಬಂದರು.

"ಏಯ್, ಇಲ್ಲಿ ಹೆಣ ಇಡಂಗಿಲ್ಲ! ಪೊಲೀಸ್ ಕರೀತೀನಿ!"

"ಕರೀರಿ. ಮೊದ್ಲು ಬಿಷಪ್ಪರನ್ನ ಕರೀರಿ."

"ಅವ್ರು ಯಾಕೆ? ಅವ್ರು ಊಟಕ್ಕೆ ಹೊರಟಿದಾರೆ."

"ಒಂದು ಕಾಲು ತೊಳದಾರ. ಇನ್ನೊಂದು ಉಳದದ."

ಜನ ಬಂದು ಸೇರಿದರು. ಬಸವ್ವ ಬಂದಳು, ಬಟ್ಟೆ ಒಗೆಯುವವರು ಬಂದರು, ಬಾಗಿಲ ತುಂಬ ನಮ್ಮವರೇ ನಿಂತರು. ಸಿಸ್ಟರ್ ಜೆಸಿಂತಾ ಬೇಸಿನ್ನು ಹಿಡಿದುಕೊಂಡು ಬಂದು ಮಂಡಿಯೂರಲು ನೋಡಿದರು. ಅವರ ಕೈಯಿಂದ ಬೇಸಿನ್ನು ತೆಗೆದುಕೊಂಡೆ.

"ನೀವಲ್ರಿ ಅವ್ವಾರ. ನೀವು ಭಾಳ ತೊಳದೀರಿ. ನಾನೂ ತೊಳದೀನಿ. ಇವತ್ತು ಅವ್ರೇ ತೊಳೀಬೇಕು. ತೊಳಿಯೂ ತನಕ ನನ್ನ ಗಂಡ ಏಳೂದಿಲ್ಲ."

ಬೇಸಿನ್ನನ್ನು ಆ ಕಪ್ಪು ಕಾಲಿನ ಕೆಳಗೆ ಇಟ್ಟೆ. ಪಕ್ಕದಲ್ಲಿ ಸೋಪು, ಬ್ರಷ್ಷು ಇಟ್ಟೆ. ಮಂಚದ ಸರಳು ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಹೊಸಬರು ಬಾಗಿಲಿಗೆ ಬಂದಾಗೆಲ್ಲ ಸ್ಪೀಕರು ತನ್ನ ಪಾಡಿಗೆ ತಾನು ಹೇಳುತ್ತಲೇ ಇತ್ತು. ಅದನ್ನು ಆರಿಸಲು ಯಾರೂ ಹತ್ತಿರ ಬರಲಿಲ್ಲ.